ಗುಂಡಿಯವರ ಮೂಗಿಗೆ, ಪರದೆಯ ಹಿಂದಿನಿಂದ

ಗೆ,
ಶ್ರೀ ಗುಂಡಿಯವರು,
ಮನೆ ನಾಯಿ (ತರಬೇತಿ ಪೂರ್ಣಗೊಂಡಿದೆ),
ಕತ್ತರಿಸುವ ಮೇಜಿನ ಕೆಳಗೆ, ಎಡಗಡೆ.

ವಿಷಯ: ಸಾಕುನಾಯಿಗೆ ಮನೆಯಲ್ಲೇ ತರಬೇತಿ ಕೊಡುವುದರಿಂದ ಆಗುವ ಪ್ರಯೋಜನಗಳು ಮನೆಯ ಯಜಮಾನನಿಗೆ ತಡೆದುಕೊಳ್ಳಲಾರದಷ್ಟು ಆಗಿರುವ ಬಗ್ಗೆ.

ಮಾನ್ಯರೇ,

ತಮ್ಮ ಒದ್ದೆ ಮೂಗಿಗೂ, ಅದರ ಹಿಂದೆ ಸದಾ ಎಚ್ಚರವಾಗಿರುವ ಎರಡು ಕಿವಿಗಳಿಗೂ, ಎಲ್ಲಕ್ಕಿಂತ ಹಿಂದೆ ಇದ್ದರೂ ಎಲ್ಲಕ್ಕಿಂತ ಮುಂಚೆ ಸುದ್ದಿ ಮುಟ್ಟಿಸುವ ಬಾಲಕ್ಕೂ ನನ್ನ ಗೌರವಪೂರ್ವಕ ನಮಸ್ಕಾರಗಳು. ತಾವು ಈ ಹೊತ್ತು ನನ್ನ ಇಸ್ತ್ರಿ ಕಂಬಳಿಯನ್ನು ನೆಲಕ್ಕೆಳೆದುಕೊಂಡು, ಅದರ ಮೇಲೆ ಬಿಸಿಲು ಬೀಳುವ ಕಡೆಗೆ ಹೊಟ್ಟೆ ಮಾಡಿ, ನಾಲ್ಕು ಕಾಲೂ ಚಾಚಿ ಮಲಗಿರುವುದನ್ನು ಕಣ್ಣಾರೆ ಕಾಣುತ್ತಿರುವುದರಿಂದ ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯ ಕಾಣುತ್ತಿಲ್ಲ. ನಾನು ಮಾತ್ರ ಕ್ಷೇಮವಾಗಿಲ್ಲ. ಇದನ್ನು ಗುಟ್ಟಾಗಿ ತಮ್ಮ ಕಿವಿಯಲ್ಲಿ ಹೇಳಬಹುದಿತ್ತಲ್ಲ, ಬಹಿರಂಗ ಪತ್ರ ಯಾಕೆ ಎಂದು ತಾವು ಕೇಳಬಹುದು. ತಮ್ಮ ದೆಸೆಯಿಂದ ನನ್ನ ಬದುಕಿನಲ್ಲಿ ಗುಟ್ಟು ಎನ್ನುವ ಸಾಮಾನೇ ಈಗ ಉಳಿದಿಲ್ಲವಾದ್ದರಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಸುತ್ತಿ ಬಳಸಿ ಹೇಳುವುದಿಲ್ಲ, ಇದು ಒಂದು ಕಪ್ಪು ಕೋಟಿನ ವಿಷಯ. ನನ್ನ ಒಬ್ಬಳೇ ಮಗಳು ಕಾನೂನು ಓದಿ ಮುಗಿಸಿ, ಮೊನ್ನೆ ಸೋಮವಾರ ಬೆಳಿಗ್ಗೆ ವಕೀಲೆಯಾಗಿ ಮೊದಲ ಸಲ ನ್ಯಾಯಾಲಯದ ಮೆಟ್ಟಿಲು ಹತ್ತುವವಳಿದ್ದಳು, ಅದಕ್ಕೆ ಆರು ವಾರ ಮುಂಚೆಯೇ ಕಪ್ಪು ಬಟ್ಟೆಯ ಕಟ್ಟನ್ನು ತಂದು ನನ್ನ ಮೇಜಿನ ಮೇಲಿಟ್ಟು, "ಕೋಟು ನೀನೇ ಹೊಲಿಬೇಕು ಅಪ್ಪಾ. ಆಗಲ್ಲ ಅನ್ನೋದಾದ್ರೆ ಈಗ್ಲೇ ಹೇಳ್ಬಿಡು, ಅಂಗಡೀಲಿ ರೆಡಿಮೇಡ್ ತಗೋತೀನಿ" ಎಂದಿದ್ದಳು. ದರ್ಜಿಯ ಮಗಳು ರೆಡಿಮೇಡ್ ಕೋಟು ಹಾಕಿಕೊಂಡು ನಾಲ್ಕು ಜನರ ಮುಂದೆ ನಿಲ್ಲುವುದೆಂದರೆ ದರ್ಜಿ ತನ್ನ ಕತ್ತರಿಯನ್ನು ತೆಗೆದುಕೊಂಡು ಹೋಗಿ ಕೆರೆಗೆ ಎಸೆದ ಹಾಗೆ. ಆ ಕೋಟು ನನ್ನ ಕೈಯಲ್ಲಿ ಏನಾಯಿತು, ಅದರಲ್ಲಿ ತಾವು ಎಲ್ಲೆಲ್ಲಿ ಮೂಗು ತೂರಿಸಿದಿರಿ ಎನ್ನುವುದೇ ನನ್ನ ದೂರಿನ ತಿರುಳು.

ತಮಗೆ ಗೊತ್ತಿರುವುದನ್ನೇ ಓದುಗರ ಸಲುವಾಗಿ ಮತ್ತೆ ಹೇಳುತ್ತೇನೆ, ಬೇಸರಪಡಬಾರದು. ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ: ಎರಡು ಹೊಲಿಗೆ ಯಂತ್ರ, ಒಂದು ಕತ್ತರಿಸುವ ಮೇಜು, ಗಿರಾಕಿಗಳು ಕೂರಲು ಒಂದು ಉದ್ದ ಬೆಂಚು, ಮೂಲೆಯಲ್ಲಿ ಒಬ್ಬರು ನಿಂತು ಬಟ್ಟೆ ಹಾಕಿ ನೋಡುವಷ್ಟು ಜಾಗ, ಅದಕ್ಕೊಂದು ಹಸಿರು ಪರದೆ. ಇಪ್ಪತ್ತಾರು ವರ್ಷಗಳಲ್ಲಿ ನನ್ನ ಹೊಲಿಗೆಯನ್ನು ದೂರಿದ ಗಿರಾಕಿ ಒಬ್ಬರೂ ಇಲ್ಲ, ನನ್ನ ವಾಯಿದೆಯನ್ನು ದೂರದಿರುವ ಗಿರಾಕಿಯೂ ಒಬ್ಬರಿಲ್ಲ. ಮಂಗಳವಾರ ಕೊಡುತ್ತೇನೆ ಎಂದು ನಾನು ಹೇಳಿದರೆ ಅದು ಖಂಡಿತ ಮಂಗಳವಾರವೇ, ಆದರೆ ಯಾವ ತಿಂಗಳಿನದು ಎಂಬುದನ್ನು ಕೇಳಿದವರೇ ಊಹಿಸಿಕೊಳ್ಳಬೇಕು. ವಾಯಿದೆಯ ದಿನ ಗೇಟು ಕಿರ್ ಎಂದ ಕೂಡಲೇ ನಾನು ಬಾಯಲ್ಲಿ ಕಚ್ಚಿಕೊಂಡ ಸೂಜಿಯ ಸಮೇತ ಪರದೆಯ ಹಿಂದೆ ಸೇರುವುದು, ನನ್ನ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು "ಅಯ್ಯೋ, ದಾರ ತರೋಕೆ ಈಗ್ತಾನೆ ಹೋದ್ರಲ್ಲಾ" ಎನ್ನುವುದು, ಗಿರಾಕಿ ನಿಟ್ಟುಸಿರು ಬಿಟ್ಟು ಹೊರಡುವುದು, ಇದು ನಮ್ಮ ಅಂಗಡಿಯ ಕ್ರಮ. ಅವಳ ಬಾಯಿಮಾತಿನಲ್ಲಿ ನಾನು ಇಷ್ಟು ವರ್ಷ ತಂದಿರುವ ದಾರ ನಿಜವಾಗಿ ಮನೆಗೆ ಬಂದಿದ್ದರೆ ಈ ಊರಿನ ಮನೆಗಳನ್ನೆಲ್ಲ ಒಂದಕ್ಕೊಂದು ಸೇರಿಸಿ ಹೊಲಿದುಬಿಡಬಹುದಿತ್ತು.

ಹೆಂಡತಿಗೆ ಒಲೆಯ ಕೆಲಸ ಬಿಡುವಿಲ್ಲದಾದಾಗ ಈ ಮಾತು ಹೇಳುವ ಜವಾಬ್ದಾರಿ ಮಗಳ ಪಾಲಿಗೆ ಬಂತು. ಆಗ ಅವಳಿಗೆ ಆರು ವರ್ಷ. ಕಣ್ಣು ಪಿಳುಕಿಸದೆ, ನಾಲಿಗೆ ತಡವರಿಸದೆ, "ಅಪ್ಪ ದಾರ ತರೋಕೆ ಹೋಗಿದಾರೆ, ಬೇಕಾದ್ರೆ ಒಳಗೆ ಬಂದು ನೋಡಿ" ಎಂದು ಕೊನೆಗೊಂದು ಮಾತನ್ನು ತಾನೇ ಸೇರಿಸಿ ಹೇಳುತ್ತಿದ್ದಳು. ಒಳಗೆ ಬಂದು ನೋಡಿದವರು ಯಾರೂ ಇಲ್ಲ, ಅಷ್ಟು ನಂಬಿಕೆ ಹುಟ್ಟಿಸುವ ಮುಖ. ನಾನು ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತು, ಭಲೇ ನನ್ನ ಮಗಳೇ ಎಂದು ಒಳಗೊಳಗೇ ಬೀಗುತ್ತಿದ್ದೆ. ಅದು ಬೀಗುವ ವಿಷಯವಾಗಿರಲಿಲ್ಲ ಎಂದು ನನ್ನ ತಲೆಗೆ ಹೋಗಬೇಕಾದರೆ ಮನೆಗೊಂದು ನಾಯಿ ಬರಬೇಕಾಯಿತು.

ತಾವು ಬಂದದ್ದು ಕಾಲೇಜಿನ ಸೈಕಲ್ ನಿಲ್ಲಿಸುವ ಜಾಗದಿಂದ, ಮಗಳ ಪುಸ್ತಕದ ಚೀಲದಲ್ಲಿ, ಎರಡು ಪಠ್ಯಪುಸ್ತಕಗಳ ನಡುವೆ ಕೂತುಕೊಂಡು. ಮೈಯೆಲ್ಲ ಬಿಳಿ, ಬೆನ್ನಿನ ನಟ್ಟನಡುವೆ ಒಂದೇ ಒಂದು ದುಂಡನೆಯ ಕಪ್ಪು ಮಚ್ಚೆ. ನೋಡಿದರೆ ಯಾರೋ ಕೋಟಿನ ಗುಂಡಿಯೊಂದನ್ನು ಹೊಲಿದು ಮರೆತುಹೋದ ಹಾಗಿದ್ದುದರಿಂದ ತಮಗೆ ಈ ಹೆಸರು ಬಂತು. ಮೊದಲ ತಿಂಗಳಲ್ಲಿ ತಾವು ಎರಡು ಕಾಲರ್, ಒಂದು ಜೊತೆ ಭುಜದ ಮೆತ್ತೆ, ಹತ್ತಡಿ ಲೈನಿಂಗ್ ಬಟ್ಟೆ ಮತ್ತು ನನ್ನ ಹಳೆಯ ಅಳತೆ ಟೇಪಿನ ಮೊದಲ ಒಂಬತ್ತು ಇಂಚುಗಳನ್ನು ತಿಂದು ಜೀರ್ಣಿಸಿಕೊಂಡಿರಿ. ಗಿರಾಕಿಯೊಬ್ಬರ ಹೊಸ ನಿಲುವಂಗಿಯ ಮೇಲೆ ತಾವು ಏನು ಮಾಡಿದಿರಿ ಎಂಬುದನ್ನು ಬಹಿರಂಗ ಪತ್ರದಲ್ಲಿ ಬರೆಯಲಾರೆ. ಆವತ್ತು ನನ್ನ ಹೆಂಡತಿ ಪೊರಕೆಯನ್ನು ನೆಲಕ್ಕೆ ಕುಟ್ಟಿ, "ಒಂದೋ ಅದಕ್ಕೆ ಬುದ್ಧಿ ಕಲಿಸಿ, ಇಲ್ಲಾಂದ್ರೆ ಅದ್ರ ಜೊತೆ ನೀವೂ ಹೊರಡಿ" ಎಂದಳು.

ತರಬೇತಿ ಶಾಲೆಗೆ ಸೇರಿಸೋಣವೆಂದರೆ ಮಗಳು ಒಪ್ಪಲಿಲ್ಲ. ಎಲ್ಲಿಂದಲೋ ಒಂದು ದಪ್ಪ ಪುಸ್ತಕ ತಂದು, ನಾಯಿಗೆ ಮನೆಯಲ್ಲೇ, ಮನೆಯವರೇ, ದಿನಕ್ಕೆರಡು ಸಲ ಹದಿನೈದು ಹದಿನೈದು ನಿಮಿಷ ಪಾಠ ಹೇಳಿದರೆ ನಾಯಿಗೂ ಮನೆಯವರಿಗೂ ನಂಟು ಗಟ್ಟಿಯಾಗುತ್ತದೆ, ಮನೆಗೆ ಶಿಸ್ತು ಬರುತ್ತದೆ, ಯಜಮಾನನ ಆರೋಗ್ಯ ಸುಧಾರಿಸುತ್ತದೆ, ಮಾತಿಗೊಂದು ಬೆಲೆ ಬರುತ್ತದೆ ಎಂದೆಲ್ಲ ಗಟ್ಟಿಯಾಗಿ ಓದಿ ಹೇಳಿದಳು. ಹಗಲೆಲ್ಲ ಮನೆಯಲ್ಲೇ ಇರುವವನು ನಾನೊಬ್ಬನೇ ಆದ್ದರಿಂದ (ಗಿರಾಕಿಗಳ ಪಾಲಿಗೆ ಮನೆಯಲ್ಲಿ ಇರದಿರುವವನೂ ನಾನೊಬ್ಬನೇ) ಮೇಷ್ಟರ ಕೆಲಸ ನನ್ನ ಕೊರಳಿಗೆ ಬಿತ್ತು.

ಮಾನ್ಯರೇ, ಪುಸ್ತಕದ ಮೊದಲ ಪಾಠದಲ್ಲೇ ನನ್ನ ಜೀವ ಬಾಯಿಗೆ ಬಂತೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ನಾಯಿ ಹೇಳಿದ್ದನ್ನು ಮಾಡಿದ ಒಂದೇ ಒಂದು ಕ್ಷಣದೊಳಗೆ ಅದಕ್ಕೆ ಬಿಸ್ಕತ್ತು ಸಲ್ಲಬೇಕಂತೆ; ತಡವಾದರೆ ತಾನು ಮಾಡಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಸಂಬಂಧವೇ ಅದಕ್ಕೆ ತಿಳಿಯುವುದಿಲ್ಲವಂತೆ. ಒಂದು ಅಂಗಿಯನ್ನು ಎರಡು ತಿಂಗಳೊಳಗೆ ಕೊಟ್ಟು ಗೊತ್ತಿಲ್ಲದವನಿಗೆ ಒಂದು ಕ್ಷಣದ ವಾಯಿದೆ! ಮೂರನೆಯ ದಿನ ತಾವು ಕೂರೆಂದಾಗ ಕೂತಿರಿ, ನನ್ನ ಜೇಬಿನಲ್ಲಿ ಬಿಸ್ಕತ್ತು ಇರಲಿಲ್ಲ, ಅಭ್ಯಾಸಬಲದಿಂದ ನಾನು "ನಾಳೆ ಕೊಡ್ತೀನಿ" ಎಂದೆ. ಯಾವ ಗಿರಾಕಿಯೇ ಆದರೂ ಗೊಣಗಿಕೊಂಡು ಹೋಗುತ್ತಿದ್ದ ಜಾಗದಲ್ಲಿ ತಾವು ಹೋಗಲಿಲ್ಲ. ಗೊಣಗಲೂ ಇಲ್ಲ. ಮುಕ್ಕಾಲು ಗಂಟೆ ಅದೇ ಭಂಗಿಯಲ್ಲಿ ಕೂತು ನನ್ನ ಮುಖವನ್ನೇ ನೋಡಿದಿರಿ. ನಾನು ಎರಡು ತೋಳು ಹೊಲಿದು ಮುಗಿಸಿದೆ, ಎರಡೂ ಎಡಗೈಯವಾಗಿದ್ದವು. ಕಡೆಗೆ ಯಂತ್ರ ನಿಲ್ಲಿಸಿ, ಬೀದಿಯ ಕೊನೆಯ ಅಂಗಡಿಗೆ ಓಡಿಹೋಗಿ ಬಿಸ್ಕತ್ತು ತಂದೆ. ಇಪ್ಪತ್ತಾರು ವರ್ಷಗಳಲ್ಲಿ ಹೇಳಿದ ದಿನಕ್ಕಿಂತ ಮುಂಚೆ ನಾನು ಸಲ್ಲಿಸಿದ ಮೊದಲ ಸಾಮಾನು ಅದು.

ತರಬೇತಿಯ ಮಿಕ್ಕ ಪ್ರಯೋಜನಗಳನ್ನು ಅಲ್ಲಗಳೆದರೆ ನನ್ನ ಬಾಯಿಗೆ ಹುಳ ಬಿದ್ದೀತು. ತಾವು ಕೂರಲು, ನಿಲ್ಲಲು, ಕರೆದರೆ ಬರಲು, ನೆಲಕ್ಕೆ ಬಿದ್ದ ಗುಂಡುಸೂಜಿಗೆ ಬಾಯಿ ಹಾಕದಿರಲು, ಬೆಂಚಿನ ಮೇಲೆ ಕೂತ ಮಕ್ಕಳ ಮೇಲೆ ಹಾರದಿರಲು, ಹೊರಗೆ ಮಾಡಬೇಕಾದ್ದನ್ನು ಹೊರಗೇ ಮಾಡಲು ಎರಡೂವರೆ ತಿಂಗಳಲ್ಲಿ ಕಲಿತಿರಿ. ಇದರಲ್ಲಿ ಕೆಲವನ್ನು ಕಲಿಯಲು ನನಗೆ ನನ್ನ ಅಮ್ಮನ ಕೈಯಲ್ಲಿ ಐದಾರು ವರ್ಷ ಹಿಡಿದಿತ್ತು. ಬೆಳಿಗ್ಗೆ ಸಂಜೆ ತಮ್ಮನ್ನು ನಡೆಸಿಕೊಂಡು ಹೋಗಿ ಹೋಗಿ, ಅಂದರೆ ತಮ್ಮಿಂದ ಎಳೆಸಿಕೊಂಡು ಹೋಗಿ ಹೋಗಿ, ಯಂತ್ರದ ಮೇಲೆ ಬಗ್ಗಿಯೇ ಇದ್ದ ನನ್ನ ಬೆನ್ನು ತಕ್ಕಮಟ್ಟಿಗೆ ನೆಟ್ಟಗಾಯಿತು. ಸಂಜೆಯ ನಡಿಗೆಗೆ ಹೆಂಡತಿಯೂ ಬರತೊಡಗಿದಳು, ನಾವಿಬ್ಬರೂ ಬೇಳೆ, ಸೋಪು, ಗ್ಯಾಸು ಬಿಟ್ಟು ಬೇರೆ ವಿಷಯಗಳನ್ನೂ ಮಾತಾಡಿದೆವು. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಇವತ್ತು ಈ ಪತ್ರ ಬರೆಯುವ ಬದಲು ತಮಗೆ ಹಾರ ಹಾಕುತ್ತಿದ್ದೆ.

ನಿಲ್ಲಿಸಲಿಲ್ಲ. ಪುಸ್ತಕದ ಕೊನೆಯ ಪಾಠ 'ಹುಡುಕು' ಎಂಬುದು. ಮನೆಯವರೊಬ್ಬರು ಮರೆಯಲ್ಲಿ ಅಡಗಿಕೊಳ್ಳಬೇಕು, ನಾಯಿ ಮೂಸಿ ಹುಡುಕಬೇಕು, ಸಿಕ್ಕಿದೊಡನೆ ಎದುರು ಕೂತು ಒಂದು ಸಲ ಬೊಗಳಿ ತಿಳಿಸಬೇಕು, ಬಿಸ್ಕತ್ತು ಪಡೆಯಬೇಕು. ಇದರಿಂದ ನಾಯಿಯ ಬುದ್ಧಿ ಚುರುಕಾಗುತ್ತದೆ. ಮಗಳು ನಾಯಿಯನ್ನು ಹಿಡಿದುಕೊಳ್ಳುವವಳು, ನಾನು ಅಡಗುವವನು. ನಮ್ಮ ಮನೆಯಲ್ಲಿ ಒಬ್ಬ ದೊಡ್ಡ ಮನುಷ್ಯ ಅಡಗಿಕೊಳ್ಳಬಹುದಾದ ಜಾಗ ಯಾವುದು ಹೇಳಿ? ಇಪ್ಪತ್ತಾರು ವರ್ಷಗಳಿಂದ ನನ್ನ ಕಾಲಿಗೆ ದಾರಿ ಗೊತ್ತಿದ್ದ ಜಾಗ ಒಂದೇ. ಹೀಗೆ ನಾನು, ಬುದ್ಧಿ ನೆಟ್ಟಗಿದ್ದ ಗಂಡಸು, ದಿನಾ ಸಂಜೆ ಹಸಿರು ಪರದೆಯ ಹಿಂದೆ ನಿಂತು, ನನ್ನನ್ನು ಹಿಡಿದುಕೊಡುವುದು ಹೇಗೆಂದು ನನ್ನ ಕೈಯಾರೆ, ನನ್ನ ಬಿಸ್ಕತ್ತು ಕೊಟ್ಟು, ಮೂರು ವಾರ ತಮಗೆ ಕಲಿಸಿದೆ. ತಾವು ಪ್ರತಿಸಲ ಸರಿಯಾಗಿ ಹುಡುಕಿದಾಗ ನಾನೇ ಚಪ್ಪಾಳೆಯನ್ನೂ ತಟ್ಟಿದೆ.

ನಾಲ್ಕನೆಯ ವಾರದ ಬುಧವಾರ ಹನ್ನೊಂದು ಗಂಟೆಗೆ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ತಮ್ಮ ಬೂದು ಕೋಟಿಗಾಗಿ ಐದನೆಯ ಸಲ ಬಂದರು. ಗೇಟು ಕಿರ್ ಎಂದಿತು, ನಾನು ಮರೆಯಾದೆ, ಹೆಂಡತಿ ಬಂದು ದಾರದ ಮಾತನ್ನು ಹೇಳಿದಳು, ಆಕೆ ತಿರುಗಿ ಹೊರಡುವವರೇ ಇದ್ದರು. ಆಗ ತಾವು ಮೇಜಿನ ಕೆಳಗಿನಿಂದ ಎದ್ದು, ಮೈ ಮುರಿದು, ಯಾರೂ ಕೇಳದೆ, ಯಾರೂ ಹೇಳದೆ, ಪರದೆಯ ಮುಂದೆ ಬಂದು ಮುಂಗಾಲು ಜೋಡಿಸಿ ಕೂತು, ಕಲಿಸಿದ ಹಾಗೆಯೇ ಒಂದೇ ಒಂದು ಸಲ ಬೊಗಳಿದಿರಿ. ಆಕೆ ಬಂದು ಪರದೆ ಸರಿಸಿದರು. ನಾನು ಅವರ ಕೋಟಿನ ತೋಳನ್ನೇ ಹೆಗಲ ಮೇಲೆ ಹಾಕಿಕೊಂಡು, ಬಾಯಲ್ಲಿ ಸೂಜಿ ಇಟ್ಟುಕೊಂಡು ನಿಂತಿದ್ದೆ. "ಏನ್ರೀ ಟೈಲರೇ, ದಾರ ಇಲ್ಲೇ ಮಾರ್ತಾರಾ?" ಎಂದು ಕೇಳಿದರು. ನೆಲ ಬಾಯ್ಬಿಡಬಾರದೇ ಎನ್ನಿಸಿತು. ಅದಕ್ಕಿಂತಲೂ ಹೆಚ್ಚಿನ ಅವಮಾನವೆಂದರೆ, ತಾವು ನನ್ನ ಕಡೆಗೆ ನೋಡಿದಿರಿ, ಒಂದು ಕ್ಷಣದ ನಿಯಮ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು, ಆಕೆಯ ಎದುರಿಗೇ ನನ್ನ ಕೈ ತಾನಾಗಿ ಜೇಬಿಗೆ ಹೋಗಿ ತಮಗೆ ಬಿಸ್ಕತ್ತು ಕೊಟ್ಟಿತು. ಆಕೆ ಬೆಂಚಿನ ಮೇಲೆ ಕೂತು, ಕೈಚೀಲದಿಂದ ಮಕ್ಕಳ ಉತ್ತರಪತ್ರಿಕೆಗಳನ್ನು ತೆಗೆದು ತಿದ್ದುತ್ತಾ, "ಮುಗಿಸಿ, ಕಾಯ್ತೀನಿ" ಎಂದರು. ಮೂರು ಗಂಟೆಯಲ್ಲಿ ಕೋಟು ಮುಗಿಯಿತು. ಮೂರೇ ಗಂಟೆಯ ಕೆಲಸ ಅದು ಎಂಬ ಗುಟ್ಟು ಹೀಗೆ ಊರಿಗೆ ಗೊತ್ತಾಯಿತು.

ಅಲ್ಲಿಂದ ಮುಂದೆ ತಾವು ಪಡೆದ ಕೀರ್ತಿಯನ್ನು ವರ್ಣಿಸಲು ನನಗೆ ಶಕ್ತಿ ಸಾಲದು. ವಾಯಿದೆ ಇದ್ದವರೂ ಬಂದರು, ಇಲ್ಲದವರೂ ಬಂದರು. ಹೊಲಿಸುವುದೇನೂ ಇಲ್ಲದವರು, "ಸುಮ್ನೆ ನಾಯಿ ನೋಡ್ಕೊಂಡು ಹೋಗೋಣಾಂತ" ಎಂದು ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದರು. ನಾನು ಬಟ್ಟೆ ಬೀರುವಿನಲ್ಲಿ ಕೂತೆ, ತಾವು ಬೀರುವಿನ ಮುಂದೆ ಕೂತಿರಿ. ನಾನು ಮೇಲ್ಛಾವಣಿಯ ನೀರಿನ ತೊಟ್ಟಿಯ ಹಿಂದೆ ಕೂತೆ, ತಾವು ಗಿರಾಕಿಯನ್ನು ಮೆಟ್ಟಿಲು ಹತ್ತಿಸಿಕೊಂಡು ಬಂದಿರಿ, ಆ ಪುಣ್ಯಾತ್ಮ ಮಂಡಿನೋವಿನವರು, ಅವರಿಗೆ ನಡುನಡುವೆ ನಿಂತು ದಾರಿಯನ್ನೂ ತೋರಿಸಿದಿರಿ. ಮೈಗೆಲ್ಲ ಪುದೀನ ಉಜ್ಜಿಕೊಂಡು ಅಡಗಿದ ದಿನ ತಾವು ಎಂದಿಗಿಂತ ಎರಡು ನಿಮಿಷ ಮುಂಚೆ ಹುಡುಕಿದಿರಿ. ಮುಂಗಡವಾಗಿ ಒಂದು ಪೂರ್ತಿ ಪೊಟ್ಟಣ ಬಿಸ್ಕತ್ತು ಕೊಟ್ಟು ಕೈಮುಗಿದು ಕೇಳಿಕೊಂಡೆ. ತಾವು ಪೊಟ್ಟಣವನ್ನು ತಿಂದು ಮುಗಿಸಿ, ನೀರು ಕುಡಿದು, ಬಂದು ಪರದೆಯ ಮುಂದೆ ಕೂತಿರಿ. ಲಂಚ ತಿಂದೂ ಕೆಲಸ ಕೆಡಿಸದ ಅಧಿಕಾರಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಹೆಂಡತಿಯೂ ಕೈಬಿಟ್ಟಳು. "ನಾನು ಬಾಯಿ ನೋಯಿಸ್ಕೊಂಡು ಸುಳ್ಳು ಹೇಳೋದು, ಅದು ಬಂದು ನನ್ನ ಮುಂದೇನೇ ನಿಜ ತೋರ್ಸೋದು, ಯಾಕ್ರೀ ಬೇಕು ನನಗೆ ಈ ಮರ್ಯಾದೆ?" ಎಂದು ಹೇಳಿ, ಅಂದಿನಿಂದ ಗಿರಾಕಿ ಬಂದರೆ ಒಗ್ಗರಣೆ ಸೌಟಿನಿಂದ ತಮ್ಮ ಕಡೆಗೆ ತೋರಿಸಿ ಸುಮ್ಮನಾಗುತ್ತಿದ್ದಳು. ಬೇರೆ ದಾರಿ ಕಾಣದೆ ನಾನು ಹೊಲಿದೆ. ನಾಲ್ಕು ತಿಂಗಳಲ್ಲಿ ಕಪಾಟಿನ ಹಳೆಯ ಕಟ್ಟುಗಳೆಲ್ಲ ಖಾಲಿಯಾದವು; ಒಂದು ಪುಟ್ಟ ಲಂಗ ಮುಗಿದಾಗ ಅದನ್ನು ಹೊಲಿಸಲು ಕೊಟ್ಟಿದ್ದ ಮಗು ಹೈಸ್ಕೂಲಿಗೆ ಸೇರಿಯಾಗಿತ್ತು, ಆ ತಾಯಿ ಅದನ್ನು ನೆನಪಿಗೆಂದು ತೆಗೆದುಕೊಂಡು ಹೋದರು.

ಮಗಳ ಕಪ್ಪು ಬಟ್ಟೆ ಮೇಜಿಗೆ ಬಂದದ್ದು ಈ ಹೊತ್ತಿನಲ್ಲಿ. ಊರವರ ಕೆಲಸಗಳನ್ನೆಲ್ಲ ವಾಯಿದೆಗೆ ಮುಗಿಸುತ್ತಿದ್ದವನು ಇದೊಂದನ್ನು ಯಾಕೆ ಮುಗಿಸಲಿಲ್ಲ ಎಂದು ತಾವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹತ್ತನೆಯ ತರಗತಿಯ ಸಮವಸ್ತ್ರವೇ ನಾನು ಅವಳಿಗೆ ಹೊಲಿದುಕೊಟ್ಟ ಕೊನೆಯ ಬಟ್ಟೆ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಮನೆಯವರದ್ದಲ್ಲವೇ, ಆಮೇಲಾದರಾಯಿತು ಎಂದು ಅವಳ ಬಟ್ಟೆಯನ್ನು ನಾನು ಎಂದೂ ಕಟ್ಟುಗಳ ಅಡಿಗೇ ಸೇರಿಸುತ್ತಿದ್ದೆನಾದ್ದರಿಂದ ಒಂಬತ್ತು ವರ್ಷ ರೆಡಿಮೇಡ್ ಹಾಕಿಕೊಂಡು ಓಡಾಡಿದಳು. ಈಗ ತಾನಾಗಿ ಬಂದು ಕೇಳಿದಾಗ ನನಗೆ ಎಷ್ಟು ಸಂತೋಷವಾಯಿತೆಂದರೆ, "ಅಳತೆ ತಗೋ ಅಪ್ಪಾ" ಎಂದು ಅವಳು ನಿಂತರೆ, "ಹೋಗೇ, ನನ್ನ ಮಗಳ ಅಳತೆ ನಂಗೆ ಗೊತ್ತಿಲ್ವಾ" ಎಂದು ಜಂಬ ಕೊಚ್ಚಿ ಕಳಿಸಿಬಿಟ್ಟೆ. ಅಳತೆ ಪುಸ್ತಕದಲ್ಲಿ ಅವಳ ಹಳೆಯ ಪುಟ ತೆಗೆದು, ಬೆಳೆದ ಹುಡುಗಿ ಅಲ್ಲವೇ ಎಂದು ಉದ್ದಕ್ಕೆ ಎರಡಿಂಚು ಸೇರಿಸಿ, ಭುಜವನ್ನು ಇದ್ದ ಹಾಗೆಯೇ ಹದಿಮೂರು ಇಂಚಿಗೆ ಕತ್ತರಿಸಿದೆ. ಒಂದು ದಿನ ಅವಳು ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತು ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದಾಗ ಹಾಗೇ ಕಣ್ಣು ಹಾಯಿಸಿದೆ. ಅದು ಹದಿಮೂರು ಇಂಚಿನ ಭುಜವಲ್ಲ. ಬಟ್ಟೆ ಕೆಟ್ಟಿತ್ತು, ಕತ್ತರಿಸಿದ್ದನ್ನು ಮತ್ತೆ ಕೂಡಿಸುವ ಕತ್ತರಿಯನ್ನು ಯಾರೂ ಇನ್ನೂ ಮಾಡಿಲ್ಲ. ಹೇಳುವ ಧೈರ್ಯ ನನಗಿರಲಿಲ್ಲ. "ಆಗ್ತಿದೆ ಮಗಳೇ, ಗುಂಡಿ ಕಾಜಾ ಒಂದು ಬಾಕಿ" ಎಂದೆ, ಎರಡು ವಾರ ಅದನ್ನೇ ಹೇಳಿದೆ, ಆ ಹೊತ್ತಿಗೆ ಕೋಟಿಗೆ ತೋಳೂ ಇರಲಿಲ್ಲ.

ಮೊನ್ನೆ ಶನಿವಾರ ಮಧ್ಯಾಹ್ನ ಹೆಂಡತಿ ತನ್ನ ಅಕ್ಕನ ಮನೆಗೆ ಹೋಗಿದ್ದಳು. ಎರಡೂವರೆಗೆ ಗೇಟು ಕಿರ್ ಎಂದಿತು, ಕಿಟಕಿಯಲ್ಲಿ ನೋಡಿದರೆ ಮಗಳು, ಕೈಯಲ್ಲಿ ಖಾಲಿ ಹ್ಯಾಂಗರ್. ನನ್ನ ಬುದ್ಧಿ ಏನನ್ನಾದರೂ ಯೋಚಿಸುವ ಮೊದಲೇ ನನ್ನ ಕಾಲು ನನ್ನನ್ನು ಪರದೆಯ ಹಿಂದೆ ತಂದು ನಿಲ್ಲಿಸಿತ್ತು, ತೋಳಿಲ್ಲದ ಕೋಟು ನನ್ನ ಎದೆಗೆ ಅವಚಿಕೊಂಡಿತ್ತು. ಸ್ವಂತ ಮಗಳಿಂದ ಬಚ್ಚಿಟ್ಟುಕೊಂಡಿದ್ದೇನೆ ಎನ್ನುವುದು ಅಲ್ಲಿ ನಿಂತ ಮೇಲೆ ಹೊಳೆಯಿತು. ಅವಳು "ಅಪ್ಪಾ" ಎಂದು ಒಂದು ಸಲ ಕರೆದಳು. ಮಾನ್ಯರೇ, ಅದೊಂದು ದಿನ ತಾವು ನಿದ್ದೆ ಮಾಡಿರಬಾರದಿತ್ತೇ? ಎಲೆಕ್ಟ್ರಿಕ್ ಕಂಬಕ್ಕೋ, ಎದುರುಮನೆ ಬೆಕ್ಕಿಗೋ ತಮ್ಮ ಅಮೂಲ್ಯ ಸಮಯವನ್ನು ಕೊಟ್ಟಿರಬಾರದಿತ್ತೇ? ತಾವು ಬಂದಿರಿ, ಕೂತಿರಿ, ಪರದೆಯ ಕೆಳಗಿನ ಸಂದಿಯಲ್ಲಿ ತಮ್ಮ ಎರಡು ಮುಂಗಾಲು ನನಗೆ ಕಂಡವು, ಒಂದು ಸಲ ಬೊಗಳಿದಿರಿ.

ಅವಳು ಪರದೆಯನ್ನು ಸರಿಸುತ್ತಾಳೆಂದು ಕಾದೆ. ಸರಿಸಲಿಲ್ಲ. ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು, "ಜಾಣ" ಎಂದು ತಮ್ಮ ತಲೆ ಸವರಿ, ಬಿಸ್ಕತ್ತು ಕೊಟ್ಟು, ಎದ್ದುಹೋಗಿ ಗಿರಾಕಿಗಳ ಬೆಂಚಿನ ಮೇಲೆ ಕೂತಳು. ಬೆಂಚಿನ ಒಂದು ಕಾಲು ಗಿಡ್ಡ, ಕೂತವರು ಅಲುಗಿದರೆ ಟಕ್ ಎನ್ನುತ್ತದೆ. ಅವಳು ಅಲುಗಲೂ ಇಲ್ಲ. ಈ ಮನೆಯಲ್ಲಿ ಹುಟ್ಟಿ ಬೆಳೆದವಳು, ಆ ಬೆಂಚಿನ ಮೇಲೆ ಕಾಯುತ್ತಾ ಕೂತದ್ದು ಅದೇ ಮೊದಲ ಸಲ. ಇಪ್ಪತ್ತಾರು ವರ್ಷಗಳಲ್ಲಿ ಎಷ್ಟೋ ಜನ ಅಲ್ಲಿ ಕೂತು ಎದ್ದುಹೋದರು, ನನಗೆ ಏನೂ ಅನ್ನಿಸಿರಲಿಲ್ಲ. ಅವತ್ತು ನಾಚಿಕೆಯಾಯಿತು, ಮಾನ್ಯರೇ. ಅವರೆಲ್ಲರ ಬಗ್ಗೆಯೂ ಸೇರಿ ಒಟ್ಟಿಗೇ ನಾಚಿಕೆಯಾಯಿತು.

ಹತ್ತು ನಿಮಿಷವಾಯಿತೋ ಹದಿನೈದಾಯಿತೋ, ಕೊನೆಗೆ ನಾನೇ ಪರದೆ ಸರಿಸಿಕೊಂಡು ಹೊರಗೆ ಬಂದೆ, ತೋಳಿಲ್ಲದ ಕೋಟನ್ನು ಅವಳ ಮಡಿಲಲ್ಲಿಟ್ಟು, "ಭುಜ ತಪ್ಪಿದೀನಿ ಮಗಳೇ. ಎರಡು ವಾರದಿಂದ ಗೊತ್ತು. ಹೇಳೋಕೆ ಆಗ್ಲಿಲ್ಲ" ಎಂದೆ. ಬೈಯುತ್ತಾಳೆ ಎಂದುಕೊಂಡೆ, ಅಳುತ್ತಾಳೆ ಎಂದುಕೊಂಡೆ, ರೆಡಿಮೇಡ್ ಎನ್ನುತ್ತಾಳೆ ಎಂದುಕೊಂಡೆ. ಅವಳು ಕೋಟನ್ನು ತಿರುಗಿಸಿ ನೋಡಿ, ಪಕ್ಕಕ್ಕಿಟ್ಟು, ಎದ್ದು ನನಗೆ ಬೆನ್ನು ಮಾಡಿ ನಿಂತು, "ಅಳತೆ ತಗೋ ಅಪ್ಪಾ" ಎಂದಳು. ಟೇಪು ಹಿಡಿದು ಎರಡು ಸಲ ಅಳೆದೆ. ಭುಜ ಹದಿನಾಲ್ಕೂವರೆ. ಆ ಒಂದೂವರೆ ಇಂಚು ಅವಳು ಯಾವಾಗ ಬೆಳೆದಳೋ, ನಾನು ಪರದೆಯ ಹಿಂದೆ ಇದ್ದಾಗಲೇ ಇರಬೇಕು. ಕಣ್ಣಲ್ಲಿ ನೀರು ತುಂಬಿ ಟೇಪಿನ ಅಂಕಿ ಕಾಣದೆ, ತೋಳಿನ ಉದ್ದವನ್ನು ಅವಳೇ ಓದಿ ಹೇಳಿದಳು. "ಸೋಮವಾರಕ್ಕೆ ಕೊಡ್ತೀನಿ" ಎಂದೆ.

ಹೊಸ ಬಟ್ಟೆ ತರಲು ಇಬ್ಬರೂ ಒಟ್ಟಿಗೆ ಹೋದೆವು. ದಾರವನ್ನೂ ತಂದೆವು, ನಿಜವಾಗಿಯೂ ಒಂದು ದಾರದ ಉಂಡೆಗಾಗಿ ನಾನು ಅಂಗಡಿಗೆ ಹೋದದ್ದನ್ನು ಕಂಡು ಅಂಗಡಿಯವರೇ ನಂಬಲಿಲ್ಲ. ಭಾನುವಾರ ಬೆಳಿಗ್ಗೆ ಬೇಗನೆ ಕೂತು ಸಂಜೆ ಬಿಸಿಲು ಇಳಿಯುವುದರೊಳಗೆ ಮುಗಿಸಿದೆ. ಕಾಜಾಗಳನ್ನು ಕೈಯಲ್ಲೇ ಹಾಕಿದೆ, ಒಳಗಿನ ಜೇಬನ್ನು ಅವಳು ಕೇಳದಿದ್ದರೂ ಇಟ್ಟೆ. ಅವಳು ಬೆಂಚಿನ ಮೇಲೆ ಕೂತು ತನ್ನ ಕಾಗದಪತ್ರ ಓದಿಕೊಳ್ಳುತ್ತಿದ್ದಳು, ತಾವು ಅವಳ ಪಾದದ ಮೇಲೆ ಗದ್ದವಿಟ್ಟು ಗೊರಕೆ ಹೊಡೆಯುತ್ತಿದ್ದಿರಿ, ಹೆಂಡತಿ ಎರಡು ಸಲ ಟೀ ತಂದುಕೊಟ್ಟಳು.

ಇಷ್ಟೆಲ್ಲ ಆದಮೇಲೆ ತಮ್ಮ ಮೇಲೆ ದೂರು ಯಾಕೆ ಎಂದರೆ, ದೂರು ಇದ್ದೇ ಇದೆ. ನನಗೀಗ ಹೇಳಿದ ದಿನ ಬಟ್ಟೆ ಕೊಡುವ ರೋಗ ಅಂಟಿಕೊಂಡಿದೆ. ಗಿರಾಕಿಗಳು ಬೈಯುವುದನ್ನು ನಿಲ್ಲಿಸಿದ್ದರಿಂದ ಅಂಗಡಿಯಲ್ಲಿ ಮಾತಿಗೆ ವಿಷಯವೇ ಇಲ್ಲ. ಆದ್ದರಿಂದ ತಾವು ದಯಮಾಡಿ ತಿಂಗಳಿಗೆ ಎರಡು ದಿನ ನೆಗಡಿ ಬರಿಸಿಕೊಂಡು ಮೂಗಿಗೆ ರಜೆ ಕೊಡಬೇಕು. ಅದಾಗದಿದ್ದರೆ ಗಿರಾಕಿ ಬೀದಿಯ ತಿರುವಿನಲ್ಲಿರುವಾಗಲೇ ಅವರ ಹೆಸರು, ಕೊಟ್ಟ ಬಟ್ಟೆ ಮತ್ತು ವಾಯಿದೆಯನ್ನು ಬಾಲದ ಸನ್ನೆಯಲ್ಲಿ ನನಗೆ ತಿಳಿಸುವ ವ್ಯವಸ್ಥೆ ಮಾಡಬೇಕು. ಅದೂ ಆಗದಿದ್ದರೆ ಕನಿಷ್ಠ ಹೆಮ್ಮಿಂಗ್ ಕಲಿಯಬೇಕು, ನಾಲ್ಕು ಕಾಲಿರುವ ತಮಗೆ ಯಂತ್ರ ತುಳಿಯುವುದೇನೂ ಕಷ್ಟವಲ್ಲ, ಹದಿನೈದು ಹದಿನೈದು ನಿಮಿಷ ನಾನೇ ಹೇಳಿಕೊಡುತ್ತೇನೆ. ಇದಾವುದಕ್ಕೂ ತಾವು ಒಪ್ಪುವುದಿಲ್ಲವೆಂದು ಗೊತ್ತಿದ್ದೂ ಬರೆದಿದ್ದೇನೆ, ದೂರು ಬರೆಯುವವರು ಕಡೆಯಲ್ಲಿ ಏನನ್ನಾದರೂ ಕೇಳಲೇಬೇಕೆಂಬ ಕ್ರಮಕ್ಕಾಗಿ.

ಸೋಮವಾರ ಸಂಜೆ ಮಗಳು ಮನೆಗೆ ಬಂದು, ಕೋಟನ್ನು ಹ್ಯಾಂಗರಿಗೆ ಹಾಕುತ್ತಾ ಹೇಳಿದ್ದನ್ನು ತಾವು ನಿದ್ದೆಯಲ್ಲಿದ್ದುದರಿಂದ ಕೇಳಿಸಿಕೊಂಡಿರಲಾರಿರಿ. ನ್ಯಾಯಾಲಯದ ವರಾಂಡದಲ್ಲಿ ಒಬ್ಬ ಹಿರಿಯ ವಕೀಲರು ಅವಳನ್ನು ನಿಲ್ಲಿಸಿ, ಕೋಟಿನ ಭುಜವನ್ನು ನೋಡಿ, ಇಷ್ಟು ಚೆನ್ನಾಗಿ ಕೂತಿದೆಯಲ್ಲಾ, ಯಾರಮ್ಮ ಹೊಲಿದದ್ದು ಎಂದು ಕೇಳಿದರಂತೆ. "ನಮ್ಮಪ್ಪ. ಸೋಮವಾರಕ್ಕೆ ಕೊಡ್ತೀನಿ ಅಂದಿದ್ರು, ಕೊಟ್ರು" ಎಂದಳಂತೆ. ನನ್ನ ಪರವಾಗಿ ಅವಳು ಜನರೆದುರು ಹೇಳಿದ ಮಾತುಗಳಲ್ಲಿ ಪೂರ್ತಿ ನಿಜವಾಗಿರುವುದು ಇದೊಂದೇ, ಅದನ್ನು ಹೇಳಲು ಅವಳಿಗೆ ಸಾಧ್ಯವಾಗುವಂತೆ ಮಾಡಿದ ತಮ್ಮ ಮೇಲೆ ನಾನು ಹೂಡಿರುವ ಈ ದೂರು ತಮ್ಮ ಬಾಲದ ಒಂದೇ ಬೀಸಿಗೆ ವಜಾ ಆಗುತ್ತದೆಂದು ಬಲ್ಲೆ. ಆದರೂ ಸಲ್ಲಿಸಿದ್ದೇನೆ, ಬರೆಯುತ್ತೇನೆಂದ ದಿನವೇ.

ಎಲ್ಲಿ ಅಡಗಿದರೂ ತಮಗೆ ಸಿಗುವ,
ತಮ್ಮ ವಿಶ್ವಾಸಿ,
ಮನೆಯ ಯಜಮಾನ (ಎಂದು ಬೋರ್ಡಿನಲ್ಲಿ ಬರೆದಿದೆ)

ಮರೆತ ಮಾತು: ಎದುರು ಸಾಲಿನ ವಾಚು ರಿಪೇರಿಯವರ ಹತ್ತಿರ ನನ್ನ ಗಡಿಯಾರ ಕೊಟ್ಟು ಐದು ತಿಂಗಳಾಯಿತು. ಬೆಳಿಗ್ಗೆ ಹತ್ತಕ್ಕೆ ಹೋದರೂ, ಸಂಜೆ ಐದಕ್ಕೆ ಹೋದರೂ ಅವರ ಮನೆಯಾಕೆ, "ಊಟಕ್ಕೆ ಹೋಗಿದಾರಲ್ಲಾ" ಎನ್ನುತ್ತಾರೆ. ಒಬ್ಬ ಮನುಷ್ಯ ಇಷ್ಟು ಹೊತ್ತು ಊಟ ಮಾಡಿದರೆ ಆರೋಗ್ಯದ ಗತಿ ಏನು ಎಂಬ ಆತಂಕದಿಂದ ಕೇಳುತ್ತಿದ್ದೇನೆ, ನಾಳೆ ಸಂಜೆಯ ನಡಿಗೆಯನ್ನು ಆ ಕಡೆಗೆ ಇಟ್ಟುಕೊಳ್ಳೋಣವೇ? ಅವರ ಅಂಗಡಿಯಲ್ಲೂ ಒಂದು ಪರದೆ ನೋಡಿದ್ದೇನೆ, ನೀಲಿ ಬಣ್ಣದ್ದು. ಬಿಸ್ಕತ್ತು ನಾನು ತರುತ್ತೇನೆ.